1,866 ರೂಪಾಯಿ ಬಾಕಿಗೆ ಅರೆಸ್ಟ್ ವಾರಂಟ್ ಬರುತ್ತದೆಯೇ?

ಪ್ರಶ್ನೆ: ನಾವು ಸಕಲೇಶಪುರದಲ್ಲಿದ್ದೆವು. ಮಗಳ ಪಿಯುಸಿಗಾಗಿ ಕಳೆದ ಜುಲೈನಲ್ಲಿ ಹಾಸನದ ವಿದ್ಯಾನಗರಕ್ಕೆ ಬಾಡಿಗೆ ಮನೆ ಮಾಡಿಕೊಂಡು ಬಂದೆವು. ಸಕಲೇಶಪುರದ ಮನೆಯಲ್ಲಿ ನನ್ನ ಹೆಸರಿನಲ್ಲಿ ಫೈಬರ್ ಇಂಟರ್ನೆಟ್ ಇತ್ತು. ತಿಂಗಳಿಗೆ 499 ರೂಪಾಯಿ, ತೆರಿಗೆ ಬೇರೆ. ಜೂನ್ 18ರ ಮಳೆಗಾಳಿಗೆ ಕೊಂಬೆ ಬಿದ್ದು ತಂತಿ ಹರಿಯಿತು. ಮೂರು ಸಲ ದೂರು ಕೊಟ್ಟರೂ ಯಾರೂ ಬರಲಿಲ್ಲ. ಮನೆ ಖಾಲಿ ಮಾಡುವಾಗ, ಲೈನ್ ನೋಡಿಕೊಳ್ಳುವ ಹುಡುಗನಿಗೆ ಸಂಪರ್ಕ ಬೇಡವೆಂದು ಹೇಳಿ ರೌಟರ್ ಕೊಟ್ಟು ಕಳುಹಿಸಿದೆ. ರಸೀದಿ ಕೇಳಲಿಲ್ಲ. ಈಗ ಯಾವುದೋ ವಸೂಲಿ ಏಜೆನ್ಸಿಯಿಂದ ದಿನಕ್ಕೆ ಏಳೆಂಟು ಕರೆ. ಜೂನ್, ಜುಲೈ, ಆಗಸ್ಟ್ ಬಿಲ್ ಮತ್ತು ದಂಡ ಸೇರಿ 1,866 ರೂಪಾಯಿ ಕಟ್ಟಬೇಕಂತೆ, ಇಲ್ಲವಾದರೆ ರೌಟರ್ ಬೆಲೆಯನ್ನೂ ಸೇರಿಸುತ್ತಾರಂತೆ. ನಮ್ಮ ಭಾವನವರಿಗೂ ಕರೆ ಮಾಡಿ ನಾನು ಮೋಸ ಮಾಡಿ ಊರು ಬಿಟ್ಟಿದ್ದೇನೆ ಎಂದಿದ್ದಾರೆ. ಮೊನ್ನೆ ವಾಟ್ಸಾಪ್‌ನಲ್ಲಿ ಅಶೋಕ ಸ್ತಂಭದ ಚಿತ್ರವಿರುವ ನೋಟಿಸ್ ಬಂತು: 24 ಗಂಟೆಯೊಳಗೆ ಹಣ ಕಟ್ಟದಿದ್ದರೆ ಅರೆಸ್ಟ್ ವಾರಂಟ್. ಅದನ್ನು ನೋಡಿದಾಗಿನಿಂದ ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ. ಸಂಪರ್ಕ ಪಡೆಯುವಾಗ ಸಾವಿರ ರೂಪಾಯಿ ಠೇವಣಿ ಕಟ್ಟಿದ ನೆನಪು, ಅದರ ಮಾತನ್ನೇ ಅವರು ಎತ್ತುವುದಿಲ್ಲ. ಮುಂದಿನ ವರ್ಷ ಮಗಳಿಗೆ ಶಿಕ್ಷಣ ಸಾಲ ಬೇಕು, ಸಿಬಿಲ್ ಹಾಳಾದೀತೆಂಬ ಭಯ ಬೇರೆ. ನಮ್ಮ ಯಜಮಾನರು ಕೊಟ್ಟು ಕೈ ತೊಳೆದುಕೋ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಯಜಮಾನರ ಸಲಹೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಬ್ಯಾಂಕಿನಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿದವನು ನಾನು. ಅದರಲ್ಲಿ ಆರು ವರ್ಷ ವಸೂಲಿ ವಿಭಾಗದಲ್ಲೇ ಕಳೆದೆ. ನೆಮ್ಮದಿಗೂ ಒಂದು ಬೆಲೆಯಿದೆ, ಕೆಲವೊಮ್ಮೆ ಅದು 1,866 ರೂಪಾಯಿಗಿಂತ ಹೆಚ್ಚು. ಆದರೂ ಹಣ ಕಟ್ಟುವ ಮೊದಲು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ ಎನ್ನುತ್ತೇನೆ. ಇಷ್ಟು ದಿನ ನೀವು ಅವರ ದನಿಯನ್ನು ಕೇಳಿದ್ದೀರಿ, ಲೆಕ್ಕವನ್ನು ಯಾರೂ ಕೇಳಿಲ್ಲ.

ತಿಂಗಳಿಗೆ 499, ಅದಕ್ಕೆ ಶೇಕಡ 18 ಜಿಎಸ್‌ಟಿ ಸೇರಿದರೆ 588 ರೂಪಾಯಿ 82 ಪೈಸೆ. ಮೂರು ತಿಂಗಳಿಗೆ 1,766. ಮೇಲೆ ನೂರು ರೂಪಾಯಿ ದಂಡ. ಅವರ 1,866 ಹುಟ್ಟಿದ್ದು ಹೀಗೆ. ಈಗ ನಿಮ್ಮ ಕಡೆಯಿಂದ ಲೆಕ್ಕ ಮಾಡೋಣ. ಜೂನ್ 18ರವರೆಗೆ ಸೇವೆ ಬಂತು. ಮೂವತ್ತು ದಿನಗಳಲ್ಲಿ ಹದಿನೆಂಟು ದಿನಕ್ಕೆ 353 ರೂಪಾಯಿ. ಆಮೇಲೆ ತಂತಿ ನೆಲದ ಮೇಲೆ ಬಿದ್ದಿತ್ತು. ಸ್ಥಿರ ಸಂಪರ್ಕದ ದುರಸ್ತಿ ಮೂರು ದಿನಕ್ಕಿಂತ ಹೆಚ್ಚು ಎಳೆದರೆ ಗ್ರಾಹಕರಿಗೆ ತಿಂಗಳ ಶುಲ್ಕದಲ್ಲಿ ರಿಯಾಯಿತಿ ಕೊಡಬೇಕೆಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ನಿಯಮ. ನಿಮ್ಮ ತಂತಿಯನ್ನು ಕೊನೆಯವರೆಗೂ ಯಾರೂ ಎತ್ತಿ ಕಟ್ಟಲಿಲ್ಲ. ಹಾಗಾಗಿ ಜುಲೈ, ಆಗಸ್ಟ್ ಸೊನ್ನೆ. ನೀವು ಕೊಡಬೇಕಾದದ್ದು 353. ನಿಮ್ಮ ಠೇವಣಿ ಅವರ ಬಳಿ 1,000. ಕಳೆದರೆ ಉಳಿಯುವುದು 647.

ನೋಡಿ ತಾಯಿ, ಬಾಕಿದಾರರು ನೀವಲ್ಲ, ಅವರು.

ಇದು ನಿಮ್ಮ ಮಾತನ್ನೇ ನಂಬಿ ಮಾಡಿದ ಲೆಕ್ಕ. ಇದರಲ್ಲಿ ಎರಡು ಕಡೆ ಸಡಿಲವಿದೆ, ಅದನ್ನು ಮುಚ್ಚಿಟ್ಟರೆ ಮುಂದೆ ನಿಮಗೇ ತೊಂದರೆ. ಒಂದು, ಸಂಪರ್ಕ ಬೇಡವೆಂದು ಬಾಯಿಮಾತಿನಲ್ಲಿ ಹೇಳಿದ್ದು, ಅದೂ ಕಂಪನಿಗಲ್ಲ, ಹುಡುಗನಿಗೆ. ಇನ್ನೊಂದು, ರೌಟರಿಗೆ ರಸೀದಿ ಪಡೆಯದಿದ್ದದ್ದು. ಎರಡನ್ನೂ ಈಗಲೂ ಸ್ವಲ್ಪಮಟ್ಟಿಗೆ ಸರಿಪಡಿಸಬಹುದು. ಆ ಹುಡುಗನ ನಂಬರ್ ಇದ್ದರೆ ಸ್ನೇಹದಿಂದಲೇ ಒಂದು ಸಂದೇಶ ಹಾಕಿ: 'ಜುಲೈನಲ್ಲಿ ನಮ್ಮ ಮನೆಯಿಂದ ರೌಟರ್ ತೆಗೆದುಕೊಂಡು ಹೋಗಿದ್ದಿರಲ್ಲ, ಅದನ್ನು ಕಂಪನಿಗೆ ಒಪ್ಪಿಸಿದಿರಾ?' ಹೌದೆಂದು ಒಂದು ಪದ ಬಂದರೂ ಸಾಕು, ಅದೇ ನಿಮ್ಮ ರಸೀದಿ. ಬೆದರಿಸುವ ಧಾಟಿಯಲ್ಲಿ ಕೇಳಿದರೆ ಅವನು ನಂಬರ್ ಬ್ಲಾಕ್ ಮಾಡಿಕೊಳ್ಳುತ್ತಾನೆ. ಅವನ ಕೆಲಸವೂ ಗಟ್ಟಿಯಾದದ್ದಲ್ಲ. ದೂರು ಕೊಟ್ಟಾಗ ಬಂದ ಎಸ್‌ಎಂಎಸ್‌ಗಳಲ್ಲಿ ದೂರಿನ ಸಂಖ್ಯೆ ಇರುತ್ತದೆ, ಹುಡುಕಿ ತೆಗೆಯಿರಿ. ಠೇವಣಿ ಕಟ್ಟಿದ ದಿನದ ಬ್ಯಾಂಕ್ ಪಾಸ್‌ಬುಕ್ ನಮೂದು ಅಥವಾ ಮೊದಲ ತಿಂಗಳ ಬಿಲ್ ನೋಡಿ, ಠೇವಣಿಯ ಉಲ್ಲೇಖ ಅಲ್ಲೆಲ್ಲೋ ಸಿಗುತ್ತದೆ.

ಇನ್ನು ಆ ದಿನಕ್ಕೆ ಏಳೆಂಟು ಕರೆಗಳು. ಅವು ಎಲ್ಲಿಂದ ಹುಟ್ಟುತ್ತವೆಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಸಣ್ಣ ಬಾಕಿಗಳನ್ನು ಕಂಪನಿಗಳು ಒಂದೊಂದಾಗಿ ನೋಡುವುದಿಲ್ಲ. ಸಾವಿರಾರು ಹೆಸರುಗಳ ಪಟ್ಟಿಯೊಂದು ಕಂಪ್ಯೂಟರಿನಿಂದ ಹೊರಬಿದ್ದು ವಸೂಲಿ ಏಜೆನ್ಸಿಗೆ ಹೋಗುತ್ತದೆ. ಅವರಿಗೆ ಸಾಮಾನ್ಯವಾಗಿ ವಸೂಲಾದ ಹಣದಲ್ಲಿ ಇಂತಿಷ್ಟು ಕಮಿಷನ್. ವಸೂಲಾಗದಿದ್ದರೆ ಕೈಗೆ ಏನೂ ಇಲ್ಲ. ಕರೆ ಮಾಡುವ ಹುಡುಗ ಹುಡುಗಿಯರಿಗೆ ದಿನಕ್ಕೆ ಇಷ್ಟು ಕರೆ, ತಿಂಗಳಿಗೆ ಇಷ್ಟು ವಸೂಲಿ ಎಂದು ಗುರಿ ಕಟ್ಟಿರುತ್ತಾರೆ. ನಿಮ್ಮ ಹರಿದ ತಂತಿ, ಮೂರು ದೂರು, ಠೇವಣಿ, ಇವು ಯಾವುವೂ ಅವರ ಮುಂದಿನ ಪರದೆಯಲ್ಲಿ ಇರುವುದಿಲ್ಲ. ಅಲ್ಲಿರುವುದು ಹೆಸರು, ನಂಬರ್, ಮೊತ್ತ. ಆದ್ದರಿಂದ ಅವರ ಜೊತೆ ವಾದ ಮಾಡುವುದು ವ್ಯರ್ಥ. ಅವರು ನಿಮ್ಮ ಮಾತನ್ನು ಕೇಳಿಸಿಕೊಂಡರೂ ಅದನ್ನು ಬರೆದಿಡಲು ಅವರ ಬಳಿ ಜಾಗವಿಲ್ಲ.

ಮೊಕದ್ದಮೆ ಹೂಡುವುದಂತೂ ದೂರದ ಮಾತು. 1,866 ರೂಪಾಯಿಗೆ ವಕೀಲರಿಗೆ ಫೀಸು ಕೊಟ್ಟು, ಕೋರ್ಟ್ ಶುಲ್ಕ ಕಟ್ಟಿ, ಹಾಸನಕ್ಕೆ ಸಾಕ್ಷಿಯನ್ನು ಕಳುಹಿಸಿದರೆ ಖರ್ಚೇ ಬಾಕಿಯನ್ನು ನುಂಗುತ್ತದೆ. ಅದು ಅವರಿಗೂ ಗೊತ್ತು. ಹಾಗಾಗಿ ಅವರ ಕೈಯಲ್ಲಿ ಉಳಿಯುವ ಆಯುಧಗಳು ಎರಡೇ, ಅವಸರ ಮತ್ತು ಅವಮಾನ. ಹಿಂದೆ ಕಂದಾಯ ಬಾಕಿ ಇದ್ದವರ ಮನೆ ಮುಂದೆ ತಮಟೆ ಬಾರಿಸುತ್ತಿದ್ದರು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರೆ ಸಾಕು, ಒಳಗಿನವರು ಮಾಂಗಲ್ಯ ಅಡವಿಟ್ಟಾದರೂ ಹಣ ತರುತ್ತಿದ್ದರು. ನಿಮ್ಮ ಭಾವನವರಿಗೆ ಹೋದ ಕರೆ ಆ ತಮಟೆಯೇ. ನಾನಿದ್ದ ವಿಭಾಗದಲ್ಲೂ ಹಿರಿಯರೊಬ್ಬರು ಮದುವೆ ಮನೆಗೆ ಹೋಗಿ ಬಾಕಿದಾರರ ಬೀಗರ ಎದುರಿಗೇ ಸಾಲದ ಮಾತೆತ್ತುವುದನ್ನು ಜಾಣತನವೆಂದುಕೊಂಡಿದ್ದರು. ಹಣ ಬರುತ್ತಿತ್ತು ನಿಜ. ಆ ದಿನಗಳನ್ನು ನೆನೆದರೆ ನನಗೆ ಇವತ್ತಿಗೂ ಹಿತವೆನಿಸುವುದಿಲ್ಲ.

ಭಾವನವರಿಗೆ ನೀವೇ ಒಂದು ಮಾತು ಹೇಳಿಬಿಡಿ: ಬಿಲ್ಲಿನ ಬಗ್ಗೆ ತಕರಾರಿದೆ, ಕಾಗದದಲ್ಲಿ ನಡೆಯುತ್ತಿದೆ, ಮತ್ತೆ ಕರೆ ಬಂದರೆ ಸಮಯ ಮತ್ತು ನಂಬರ್ ಬರೆದಿಟ್ಟುಕೊಳ್ಳಿ. ನಿಮ್ಮಿಂದಲೇ ಮೊದಲು ಕೇಳಿದ ಸುದ್ದಿಗೆ ಹೊರಗಿನವರು ಬಣ್ಣ ಹಚ್ಚುವುದು ಕಷ್ಟ. ಅಂದಹಾಗೆ, ನಿಮ್ಮ ಹೆಸರಿನ ಬಿಲ್ಲಿಗೆ ಭಾವನವರಾಗಲಿ, ನಿಮ್ಮ ಯಜಮಾನರಾಗಲಿ, ಅತ್ತೆಯಾಗಲಿ ಹೊಣೆಯಲ್ಲ. ಜಾಮೀನು ಹಾಕಿದವರು ಮಾತ್ರ ಹೊಣೆ. ಇಂಟರ್ನೆಟ್ ಸಂಪರ್ಕಕ್ಕೆ ಯಾರೂ ಜಾಮೀನು ಹಾಕಿರುವುದಿಲ್ಲ.

ಈಗ ಅತ್ತೆಯವರ ಊಟ ಕೆಡಿಸಿದ ವಾರಂಟ್‌ಗೆ ಬರೋಣ. ಬಿಲ್ ಕಟ್ಟದಿರುವುದು ಅಪರಾಧವಲ್ಲ, ಸಿವಿಲ್ ವ್ಯವಹಾರ. ಪೊಲೀಸರು ಖಾಸಗಿ ಕಂಪನಿಯ ಬಾಕಿ ವಸೂಲಿ ಮಾಡುವುದಿಲ್ಲ. ಸಿವಿಲ್ ವ್ಯವಹಾರದಲ್ಲಿ ಜೈಲು ಎಂಬುದು ಇಲ್ಲವೇ ಇಲ್ಲವೆಂದಲ್ಲ, ಆದರೆ ಅಲ್ಲಿಗೆ ತಲುಪುವ ದಾರಿ ಬಹಳ ಉದ್ದ: ದಾವೆ, ಸಮನ್ಸ್, ವಿಚಾರಣೆ, ಡಿಕ್ರಿ (ಅಂದರೆ ನ್ಯಾಯಾಲಯದ ತೀರ್ಪಿನ ಆದೇಶ), ಡಿಕ್ರಿಯ ಜಾರಿಗೆ ಅರ್ಜಿ. ಅಷ್ಟಾದ ಮೇಲೂ, ಕೈಯಲ್ಲಿ ಹಣವಿದ್ದು ದುರುದ್ದೇಶದಿಂದ ಕೊಡದವರನ್ನು ಬಿಟ್ಟು ಬರೀ ಬಡತನಕ್ಕಾಗಿ ಯಾರನ್ನೂ ಸೆರೆಮನೆಗೆ ಕಳುಹಿಸಬಾರದೆಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ನಿಮ್ಮ ವಿಷಯದಲ್ಲಿ ಇನ್ನೂ ಎರಡು ಬಾಗಿಲು ಮುಚ್ಚಿವೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ. ಡಿಕ್ರಿಯ ಮೊತ್ತ 2,000 ರೂಪಾಯಿಗಿಂತ ಹೆಚ್ಚಿಲ್ಲದಿದ್ದರೆ ಗಂಡಸರನ್ನೂ ಸಿವಿಲ್ ಸೆರೆಯಲ್ಲಿಡುವಂತಿಲ್ಲ ಎನ್ನುತ್ತದೆ 58ನೇ ಕಲಂ. ಅದೇ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿಯಿದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಲಾಗದ ಒಡವೆ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು ಮತ್ತು ದನ. ಈ ಪಟ್ಟಿಯನ್ನು ಅತ್ತೆಯವರಿಗೆ ಓದಿ ಹೇಳಿ. ತಾಳಿಗೆ ಕಾನೂನಿನ ಕಾವಲಿದೆಯೆಂದರೆ ಹಳೆಯ ಕಾಲದವರಿಗೆ ಬೇಗ ಅರ್ಥವಾಗುತ್ತದೆ.

ವಾರಂಟ್ ಎಂಬುದು ವಾಟ್ಸಾಪ್‌ನಲ್ಲಿ ಏಜೆನ್ಸಿಯಿಂದ ಬರುವ ವಸ್ತುವೇ ಅಲ್ಲ. ಹೆದರಿದವರ ಮೇಲೆ ಹಾವು ಎಸೆದಂತೆ ಇದು, ಅದೂ ರಬ್ಬರಿನ ಹಾವು. ನಿಜವಾದ ನ್ಯಾಯಾಲಯದ ಕಾಗದದಲ್ಲಿ ಪ್ರಕರಣದ ಸಂಖ್ಯೆ, ನ್ಯಾಯಾಲಯದ ಹೆಸರು, ಹಾಜರಾಗಬೇಕಾದ ದಿನಾಂಕ ಇರುತ್ತವೆ. ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆಯೊಂದು ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಪ್ರಕರಣದ ಜಾತಕವೇ ಕಾಣುತ್ತದೆ. ನಿಮ್ಮ ಮಗಳು ಎರಡು ನಿಮಿಷದಲ್ಲಿ ನೋಡಿ ಹೇಳಬಲ್ಲಳು. ಸಂಖ್ಯೆಯೇ ಇಲ್ಲದ ವಾರಂಟ್ ಬರೀ ಬಣ್ಣದ ಹಾಳೆ.

ವಕೀಲರ ನೋಟಿಸ್ ಬೇರೆ. ದೆಹಲಿಯ ವಕೀಲರ ಲೆಟರ್‌ಹೆಡ್ಡಿನಲ್ಲಿ, ಕೆಂಪು ಅಕ್ಷರದಲ್ಲಿ, ಏಳು ದಿನದ ಗಡುವು ಕೊಟ್ಟು ಬರುವ ಪತ್ರ ಅದು. ಅದು ಕಕ್ಷಿದಾರರ ಪರವಾಗಿ ಬರೆದ ಪತ್ರವಷ್ಟೇ, ಆದೇಶವಲ್ಲ. ಆದರೂ ಕಸದ ಬುಟ್ಟಿಗೆ ಹಾಕಬೇಡಿ. ಮೂರು ಸಾಲಿನ ಉತ್ತರ ಬರೆಯಿರಿ, ಅದಕ್ಕೆ ನಿಮಗೆ ವಕೀಲರೇ ಬೇಕೆಂದಿಲ್ಲ.

ಮೂರನೆಯ ಬಗೆಯ ಕಾಗದವೊಂದಿದೆ, ನಮ್ಮ ಜಿಲ್ಲೆಯಲ್ಲಿ ಜನ ಹೆಚ್ಚು ಗಾಬರಿಯಾಗುವುದು ಅದಕ್ಕೆ: ಲೋಕ ಅದಾಲತ್ ನೋಟಿಸ್. ದೂರವಾಣಿ ಕಂಪನಿಗಳು, ಬ್ಯಾಂಕುಗಳು ಸಣ್ಣ ಬಾಕಿಗಳನ್ನು ಮೊಕದ್ದಮೆ ಹೂಡುವ ಮುನ್ನವೇ ಅದಾಲತ್ತಿನ ಮುಂದೆ ಇಡುವುದುಂಟು. ಅದು ಅಸಲಿಯೋ ನಕಲಿಯೋ ಎಂದು ಸಂಶಯವಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ ತೋರಿಸಿ. ಅಸಲಿಯಾಗಿದ್ದರೆ ಹೋಗಿ ಕುಳಿತುಕೊಳ್ಳಿ, ಹೆದರಬೇಕಿಲ್ಲ. ಅಲ್ಲಿ ಎರಡೂ ಕಡೆಯವರು ಒಪ್ಪಿದರೆ ಮಾತ್ರ ತೀರ್ಮಾನ. ಒಪ್ಪದಿದ್ದರೆ ಎದ್ದು ಬರಬಹುದು. ಆದರೆ ಒಮ್ಮೆ ಒಪ್ಪಿ ಸಹಿ ಹಾಕಿದಿರೋ ಅದು ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ. 'ಮುಗಿಸಿಬಿಡೋಣ ಮೇಡಂ, ಸಾವಿರ ಕೊಡಿ' ಎಂದು ಅಲ್ಲಿ ಯಾರಾದರೂ ನಯವಾಗಿ ಹೇಳಿದಾಗ ನಿಮ್ಮ 647ರ ಹಾಳೆ ಕೈಯಲ್ಲಿರಲಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಅದೇ ಕಚೇರಿಯಲ್ಲಿ ಕೇಳಿದರೆ ವಕೀಲರನ್ನೂ ಕೊಡುತ್ತಾರೆ, 15100ಕ್ಕೆ ಕರೆ ಮಾಡಿದರೂ ಸಲಹೆ ಸಿಗುತ್ತದೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತಿದ್ದಬೇಕು. ವಸೂಲಿಗಾರರ ಕಾಟವೆಂದೊಡನೆ ತಿಳಿದವರೆಲ್ಲ ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತಾರೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು, ಬೆದರಿಸಬಾರದು, ನಾಲ್ಕು ಜನರ ಮುಂದೆ ಮಾನ ಕಳೆಯಬಾರದು ಎಂದು 2022ರ ಆಗಸ್ಟ್‌ನ ಸುತ್ತೋಲೆ ಹೇಳುವುದು ನಿಜ. ಆದರೆ ಅದು ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲಕ್ಕೆ. ಇಂಟರ್ನೆಟ್ ಬಿಲ್ ಸಾಲವಲ್ಲ, ಆ ಕಂಪನಿ ರಿಸರ್ವ್ ಬ್ಯಾಂಕಿನ ಅಧೀನದಲ್ಲೂ ಇಲ್ಲ. ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಟ್ಟರೆ ಮರಳಿ ಬರುತ್ತದೆ. ಕಿರುಸಾಲದ ಕಾಟ ಹೆಚ್ಚಿದಾಗ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು ನಂತರ ಕಾಯಿದೆ ಮಾಡಿತು. ಅದರಲ್ಲಿ ಹತ್ತು ವರ್ಷದವರೆಗೂ ಸೆರೆವಾಸವಿದೆ. ಅದೂ ಸಾಲದ ವಸೂಲಿಗೇ. ನೀವು ಮೊಬೈಲನ್ನೋ ಮಿಕ್ಸಿಯನ್ನೋ ಕಂತಿನಲ್ಲಿ ಕೊಂಡಿದ್ದರೆ ಅದು ಸಾಲ, ಆಗ ರಿಸರ್ವ್ ಬ್ಯಾಂಕಿನ ದಾರಿ ತೆರೆಯುತ್ತದೆ: ಮೊದಲು ಸಾಲ ಕೊಟ್ಟ ಸಂಸ್ಥೆಗೇ ಲಿಖಿತ ದೂರು, ಮೂವತ್ತು ದಿನ ಕಾದು ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಓಂಬುಡ್ಸ್‌ಮನ್.

ಹಾಗಾದರೆ ನಿಮಗೆ ರಕ್ಷಣೆಯಿಲ್ಲವೇ? ಇದೆ, ಅದು ಎಲ್ಲರಿಗೂ ಸೇರಿದ ಕಾನೂನಿನಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಬೆದರಿಕೆಯ ಬಗ್ಗೆ, 352 ಉದ್ದೇಶಪೂರ್ವಕ ಅವಮಾನದ ಬಗ್ಗೆ, 356 ಮಾನಹಾನಿಯ ಬಗ್ಗೆ. ಪೊಲೀಸ್ ಎಂದೋ ಕೋರ್ಟಿನವನೆಂದೋ ಸುಳ್ಳು ಹೇಳಿ ಕರೆ ಮಾಡುವುದು ಇನ್ನೂ ದೊಡ್ಡ ತಪ್ಪು. ಠಾಣೆಗೆ ಹೋದೊಡನೆ ಎಲ್ಲ ಸರಿಯಾಗುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಇಂಥ ದೂರಿಗೆ ಬಹುಪಾಲು ಒಂದು ಹಿಂಬರಹ, ಅಂದರೆ ದೂರಿಗೆ ಠಾಣೆಯ ಲಿಖಿತ ಉತ್ತರ, ಕೊಟ್ಟು ಕಳುಹಿಸುತ್ತಾರೆ. ಆ ಹಿಂಬರಹವೂ ಉಪಯೋಗಕ್ಕೆ ಬರುತ್ತದೆ. ಅದರ ಪ್ರತಿಯನ್ನು ಕಂಪನಿಗೆ ಕಳುಹಿಸಿದಾಗ ಏಜೆನ್ಸಿಯ ದನಿ ಇಳಿಯುವುದನ್ನು ನಾನು ಕಂಡಿದ್ದೇನೆ. ನಕಲಿ ವಾರಂಟ್ ಕಳುಹಿಸಿ ಹಣ ಕೇಳಿದ್ದಕ್ಕೆ ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧಗಳನ್ನು ನೋಡುವ ಪೊಲೀಸ್ ಠಾಣೆಗೆ, ಹೋಗಬಹುದು. ಹಣ ಈಗಾಗಲೇ ಯಾರದೋ ಖಾತೆಗೆ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಫೋನಿನಲ್ಲಿ ಏನು ಹೇಳಬೇಕು? ಆದಷ್ಟು ಕಡಿಮೆ. 'ಈ ಬಿಲ್ಲನ್ನು ನಾನು ಒಪ್ಪುವುದಿಲ್ಲ. ನಿಮ್ಮ ಹೆಸರು, ಏಜೆನ್ಸಿಯ ಹೆಸರು, ಕಂಪನಿ ನಿಮಗೆ ಕೊಟ್ಟ ಅಧಿಕಾರ ಪತ್ರ ಮತ್ತು ಬಿಲ್ಲಿನ ವಿವರ ಇಮೇಲ್‌ಗೆ ಕಳುಹಿಸಿ. ಇನ್ನು ಮುಂದೆ ಬರಹದಲ್ಲಿ ಮಾತ್ರ ಉತ್ತರಿಸುತ್ತೇನೆ.' ಇಷ್ಟು ಹೇಳಿ ಕರೆ ಕತ್ತರಿಸಿ. ಎರಡನೇ ಸಲವೂ ಇದನ್ನೇ, ಅದೇ ಪದಗಳಲ್ಲಿ ಹೇಳಿ. ಕೋಪ ಮಾಡಿಕೊಂಡು ನೀವೊಂದು ಬೈದರೆ ಅವರು ಅದನ್ನೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತಾರೆ. ನೀವೂ ಕರೆಗಳನ್ನು ರೆಕಾರ್ಡ್ ಮಾಡಿ, ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ಅತ್ತೆಯವರ ಫೋನಿಗೂ ಕರೆ ಬರುತ್ತಿದ್ದರೆ ಆ ನಂಬರುಗಳನ್ನು ಅಲ್ಲಿ ಬ್ಲಾಕ್ ಮಾಡಿಬಿಡಿ. ಸಾಕ್ಷ್ಯಕ್ಕೆ ನಿಮ್ಮ ಫೋನ್ ಸಾಕು.

ಕರೆಗಿಂತ ಮುಖ್ಯವಾದದ್ದು ಪತ್ರ. ಏಜೆನ್ಸಿಗಲ್ಲ, ಕಂಪನಿಗೆ. ಅವರ ದೂರು ವಿಭಾಗದ ಇಮೇಲ್‌ಗೆ ಒಂದು, ನೋಂದಾಯಿತ ಕಚೇರಿಯ ವಿಳಾಸಕ್ಕೆ ಅಂಚೆಯಲ್ಲಿ ಒಂದು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ, ರಸೀದಿಯನ್ನು ಜೋಪಾನ ಮಾಡಿ. ಒಕ್ಕಣೆ ಹೀಗಿರಲಿ:

'ನನ್ನ ಗ್ರಾಹಕ ಸಂಖ್ಯೆ ಇಂತಿಷ್ಟು. ಜೂನ್ 18ರಂದು ಸಂಪರ್ಕ ಕಡಿದುಹೋಗಿದೆ. ಈ ಸಂಖ್ಯೆಗಳ ಮೂರು ದೂರುಗಳನ್ನು ದಾಖಲಿಸಿದರೂ ದುರಸ್ತಿಯಾಗಲಿಲ್ಲ. ಜುಲೈ ಇಂಥ ದಿನ ಸಂಪರ್ಕ ಬೇಡವೆಂದು ತಿಳಿಸಿ, ನಿಮ್ಮ ಪ್ರತಿನಿಧಿಗೆ ರೌಟರ್ ಒಪ್ಪಿಸಿದ್ದೇನೆ. ಜೂನ್ 18ರ ನಂತರದ ಯಾವ ಮೊತ್ತವನ್ನೂ ನಾನು ಒಪ್ಪುವುದಿಲ್ಲ. ಅದಕ್ಕೆ ಮೊದಲಿನ 353 ರೂಪಾಯಿಯನ್ನು ನನ್ನ 1,000 ರೂಪಾಯಿ ಠೇವಣಿಯಲ್ಲಿ ಕಳೆದು ಉಳಿದ 647 ರೂಪಾಯಿಯನ್ನು ಮರಳಿಸಿ. ತಕರಾರು ತೀರುವವರೆಗೆ ವಸೂಲಿ ಏಜೆನ್ಸಿಯ ಕರೆಗಳನ್ನು ನಿಲ್ಲಿಸಿ. ನನ್ನ ಬಂಧುಗಳಿಗೆ ಕರೆ ಮಾಡಿ ನನ್ನ ಬಗ್ಗೆ ಆಡಿದ ಮಾತುಗಳ ವಿವರವೂ ನಕಲಿ ವಾರಂಟಿನ ಪ್ರತಿಯೂ ಲಗತ್ತಿಸಿದೆ. ಇದು ನಿಮ್ಮ ಒಪ್ಪಿಗೆಯಿಂದ ನಡೆಯುತ್ತಿದೆಯೇ ಎಂದು ತಿಳಿಸಿ.'

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹೌದೆನ್ನಲು ಅವರಿಗೆ ಆಗುವುದಿಲ್ಲ, ಅಲ್ಲವೆಂದರೆ ಏಜೆನ್ಸಿಯನ್ನು ಹಿಡಿಯಬೇಕಾಗುತ್ತದೆ. ಪತ್ರ ಕನ್ನಡದಲ್ಲೇ ಇರಲಿ, ಬೇಕಿದ್ದರೆ ಮಗಳಿಂದ ಇಂಗ್ಲಿಷ್ ಪ್ರತಿಯೊಂದನ್ನು ಬರೆಸಿ ಜೊತೆಗಿಡಿ.

ದೂರು ವಿಭಾಗ ಕೈಚೆಲ್ಲಿದರೆ ಅದೇ ಕಂಪನಿಯಲ್ಲಿ ಮೇಲ್ಮನವಿ ಪ್ರಾಧಿಕಾರ ಎಂಬುದೊಂದು ಇರಲೇಬೇಕು. 2012ರ ಟ್ರಾಯ್ ನಿಯಮದಂತೆ ಪ್ರತಿ ಕಂಪನಿಯೂ ಅದನ್ನು ಇಡಬೇಕು, ಅದಕ್ಕೆ ಹೋಗಲು ದೂರಿನ ಸಂಖ್ಯೆ ಬೇಕು. ಟ್ರಾಯ್ ತಾನೇ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯುತ್ತಾ ಕೂರಬೇಡಿ. 1915 ಗ್ರಾಹಕ ಸಹಾಯವಾಣಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ, ದೊಡ್ಡ ಕಂಪನಿಗಳು ಅದಕ್ಕೆ ಉತ್ತರ ಕೊಡುತ್ತವೆ. ಕೊನೆಯ ಮೆಟ್ಟಿಲು ಹಾಸನದ ಜಿಲ್ಲಾ ಗ್ರಾಹಕರ ಆಯೋಗ. ದೂರವಾಣಿ ತಕರಾರುಗಳು ಗ್ರಾಹಕರ ವೇದಿಕೆಗೆ ಬರುವುದಿಲ್ಲ ಎಂದು ಬಹಳ ವರ್ಷ ವಾಪಸು ಕಳುಹಿಸುತ್ತಿದ್ದರು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಗೊಂದಲವನ್ನು ಮುಗಿಸಿತು, ಈಗ ಬರುತ್ತವೆ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ನಿಂತು ಮಾತನಾಡಬಹುದು. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. 647 ರೂಪಾಯಿಗೆ ಆಯೋಗವೇ ಎಂದು ಅನಿಸಬಹುದು, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರದಂತೆ. ಆದರೆ ಅಲ್ಲಿ ನೀವು ಕೇಳುವುದು ಬರೀ ಠೇವಣಿಯನ್ನಲ್ಲ, ಎಂಟು ತಿಂಗಳ ನಂತರ ಎದ್ದ ಈ ಕಾಟಕ್ಕೆ ಪರಿಹಾರವನ್ನೂ ಕೇಳಬಹುದು. ಹೆಚ್ಚಿನವು ಅಷ್ಟು ದೂರ ಹೋಗುವ ಮೊದಲೇ ಮುಗಿಯುತ್ತವೆ ಎನ್ನುವುದೂ ನಿಜ.

ಸಿಬಿಲ್ ವಿಷಯ. ಮನೆಯ ಇಂಟರ್ನೆಟ್ ಬಿಲ್ ಸಾಲವಲ್ಲ, ಸಾಮಾನ್ಯವಾಗಿ ಸಾಲದ ವರದಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕೆಲವು ದೂರಸಂಪರ್ಕ ಕಂಪನಿಗಳು ಜನರ ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳಿಗೆ ಮಾಹಿತಿ ಕೊಡುವುದೂ ಉಂಟು, ಆದ್ದರಿಂದ ಊಹಿಸುತ್ತಾ ಕೂರದೆ ನೋಡಿಬಿಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅವರವರ ಜಾಲತಾಣದಲ್ಲೇ ತೆಗೆಯಿರಿ, ಹಣ ಕೇಳುವ ಮಧ್ಯವರ್ತಿ ಆ್ಯಪ್‌ಗಳಲ್ಲಿ ಬೇಡ. ತಪ್ಪು ನಮೂದು ಇದ್ದರೆ ಅಲ್ಲೇ ತಕರಾರು ಸಲ್ಲಿಸಬಹುದು. ಮೂವತ್ತು ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ. ಶಿಕ್ಷಣ ಸಾಲಕ್ಕೆ ತಂದೆ ಅಥವಾ ತಾಯಿ ಸಹ ಅರ್ಜಿದಾರರಾಗುವುದರಿಂದ ಇಬ್ಬರ ವರದಿಯನ್ನೂ ಈಗಲೇ ತೆಗೆದಿಡಿ. ಸಾಲದ ಅರ್ಜಿಗಳನ್ನು ನೋಡುತ್ತಿದ್ದ ಕಾಲದಲ್ಲಿ ಮರೆತುಹೋದ ಕ್ರೆಡಿಟ್ ಕಾರ್ಡಿನ ಆರುನೂರು ರೂಪಾಯಿ ಬಾಕಿಗೆ ಅರ್ಜಿ ನಿಂತದ್ದನ್ನು ಕಂಡಿದ್ದೇನೆ. ಇಂಟರ್ನೆಟ್ ಬಿಲ್ಲಿಗೆ ನಿಂತದ್ದನ್ನು ಕಂಡಿಲ್ಲ.

ಇದೇ ಅವಸ್ಥೆಯಲ್ಲಿರುವ, ಆದರೆ ಬಹಳ ಹಳೆಯ ಬಾಕಿಯಿರುವ ಓದುಗರಿಗಾಗಿ ಒಂದು ಮಾತು. 1963ರ ಕಾಲಮಿತಿ ಕಾಯಿದೆಯಂತೆ ಇಂಥ ಹಣಕ್ಕೆ ದಾವೆ ಹೂಡಲು ಮೂರು ವರ್ಷ ಗಡುವು. ಗಡುವು ದಾಟಿದ ಮೇಲೂ ಹಣ ಕೇಳಬಹುದು, ಆದರೆ ನ್ಯಾಯಾಲಯ ಕೊಡಿಸುವುದಿಲ್ಲ. ಅದಕ್ಕೇ ವಸೂಲಿಗಾರರು 'ಸದ್ಯಕ್ಕೆ ಐನೂರು ಹಾಕಿ ಸರ್, ಉಳಿದದ್ದು ಆಮೇಲೆ' ಎನ್ನುತ್ತಾರೆ. ಗಡುವಿನೊಳಗೆ ಭಾಗಶಃ ಹಣ ಕಟ್ಟಿದ್ದಕ್ಕೆ ನಿಮ್ಮ ಬರಹದ ಗುರುತಿದ್ದರೆ, ಅಥವಾ ಬಾಕಿ ಒಪ್ಪಿಕೊಂಡು ಸಹಿ ಹಾಕಿದ್ದರೆ, ಮೂರು ವರ್ಷ ಮತ್ತೆ ಮೊದಲಿನಿಂದ ಶುರು. ಗಡುವು ಮುಗಿದ ಮೇಲೆ ಕೊಡುತ್ತೇನೆಂದು ಸಹಿ ಮಾಡಿ ಬರೆದುಕೊಟ್ಟರಂತೂ ಅದು ಹೊಸ ಕರಾರೇ ಆಗುತ್ತದೆ. ಚೆಕ್ ಕೊಡುವ ಹುಚ್ಚು ಕೆಲಸವನ್ನಂತೂ ಯಾರೂ ಮಾಡಬೇಡಿ. ಬಾಕಿ ಸಿವಿಲ್ ವ್ಯವಹಾರ, ಅದಕ್ಕೆಂದು ಕೊಟ್ಟ ಚೆಕ್ ಬೌನ್ಸ್ ಆದರೆ ಕ್ರಿಮಿನಲ್ ಪ್ರಕರಣ.

ಇಷ್ಟೆಲ್ಲ ಓದಿದ ಮೇಲೂ ನಿಮ್ಮ ಯಜಮಾನರು ಕೊಟ್ಟು ಮುಗಿಸೋಣ ಎಂದರೆ ಜಗಳವಾಡಬೇಡಿ, ಕೊಡುವ ರೀತಿಯನ್ನು ಮಾತ್ರ ನೀವು ನಿರ್ಧರಿಸಿ. ಏಜೆಂಟ್ ಕಳುಹಿಸಿದ ಲಿಂಕ್, ಕ್ಯೂಆರ್ ಕೋಡ್, ಯಾರದೋ ಹೆಸರಿನ ಯುಪಿಐ ಬೇಡ. ಕಂಪನಿಯ ಸ್ವಂತ ಆ್ಯಪ್‌ನಲ್ಲಿ ನಿಮ್ಮ ಗ್ರಾಹಕ ಸಂಖ್ಯೆ ಹಾಕಿ, ಅಲ್ಲಿ ಕಾಣುವ ಮೊತ್ತವನ್ನು ನೋಡಿ. ಆ ಮೊತ್ತ ಏಜೆಂಟ್ ಹೇಳಿದ್ದಕ್ಕಿಂತ ಕಡಿಮೆಯಿರುವುದು ಅಪರೂಪವೇನಲ್ಲ. ಕಟ್ಟುವ ಮೊದಲೇ 'ಈ ಮೊತ್ತದೊಂದಿಗೆ ಖಾತೆ ಮುಕ್ತಾಯವಾಗುತ್ತದೆ' ಎಂಬ ಇಮೇಲ್ ತರಿಸಿಕೊಳ್ಳಿ, ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ. ಆ ಪತ್ರವಿಲ್ಲದಿದ್ದರೆ ನಿಮ್ಮ ಹೆಸರು ಮತ್ತೊಂದು ಏಜೆನ್ಸಿಯ ಪಟ್ಟಿಯಲ್ಲಿ ಮತ್ತೆ ಎದ್ದು ಬರುವುದಿಲ್ಲ ಎಂದು ಹೇಳುವಂತಿಲ್ಲ.

ನನ್ನನ್ನು ಕೇಳಿದರೆ ಪತ್ರವನ್ನೇ ಕಳುಹಿಸಿ. ಅದರ ಕೆಳಗೆ ನಿಮ್ಮ ಬ್ಯಾಂಕ್ ಖಾತೆಯ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಬರೆಯಲು ಮರೆಯಬೇಡಿ. ಇಂಥದೇ ಇನ್ನೊಂದು ಪ್ರಕರಣದಲ್ಲಿ, ಠೇವಣಿಯನ್ನು ಯಾವ ಖಾತೆಗೆ ಹಾಕಬೇಕೆಂದು ಗ್ರಾಹಕರು ತಿಳಿಸದ ಕಾರಣ ಹದಿನಾಲ್ಕು ತಿಂಗಳು ತಡವಾಯಿತು ಎಂಬ ಉತ್ತರವನ್ನು ನಾನು ಕಣ್ಣಾರೆ ಓದಿದ್ದೇನೆ.